ಶಾಲೆಗೆ ಲೆಕ್ಕ ಕೇಳೋರು ಯಾರು? ಮಂಡ್ಯದಿಂದ ಒಂದು ಹಳೇ ಒಪ್ಪಂದದ ಕಥೆ

ಕಳೆದ ಜೂನ್‌ನಲ್ಲಿ ನಮ್ಮಕ್ಕ ಮದ್ದೂರಿಂದ ಫೋನ್ ಮಾಡಿದ್ಲು. ಮಗನ್ನ ಬೇರೆ ಶಾಲೆಗೆ ಸೇರಿಸೋಣ ಅಂತ ಟಿಸಿ ಕೇಳಿದ್ಳಂತೆ. "ನೋಡ್ಲಾ, ಟಿಸಿ ಮೇಲೆ ನಾವು ಮೆಟ್ಟಿಲೇ ಹತ್ತಿಲ್ದಿರೋ ಶಾಲೆ ಹೆಸರೈತೆ!" ವಿಚಾರಿಸಿದ್ರೆ, ಹುಡುಗ ಓದ್ತಿದ್ದ ಶಾಲೆಗೆ ಅನುಮತಿ ಇದ್ದಿದ್ದು 5ನೇ ಕ್ಲಾಸ್‌ವರೆಗೆ ಮಾತ್ರ. ಆರನೇ ಕ್ಲಾಸ್ ಮಕ್ಕಳನ್ನೆಲ್ಲ ಇನ್ನೊಂದು ಶಾಲೆ ಲೆಕ್ಕದಲ್ಲಿ ತೋರಿಸಿದ್ರು. ವರ್ಷಪೂರ್ತಿ ಫೀಸ್ ಕಟ್ಟಿದ ಅಕ್ಕನಿಗೆ ಇದು ಗೊತ್ತೇ ಇರ್ಲಿಲ್ಲ.

ಅವತ್ತಿಂದ ನನ್ನ ತಲೇಲಿ ಒಂದೇ ಪ್ರಶ್ನೆ. ಶಾಲೆಗಳನ್ನ ನೋಡ್ಕೊಳ್ಳೋರು ಯಾರು?

ನಾನು ಓದಿದ್ದು ಮಳವಳ್ಳಿ ಕಡೆ ಒಂದು ಅನುದಾನಿತ ಹೈಸ್ಕೂಲಲ್ಲಿ. ಕಟ್ಟಡ ಟ್ರಸ್ಟ್‌ನವರದು, ಮೇಷ್ಟ್ರ ಸಂಬಳ ಸರ್ಕಾರದ್ದು. ಇನ್ಸ್‌ಪೆಕ್ಷನ್ ಅಂತ ಸುದ್ದಿ ಬಂದ್ರೆ ಸಾಕು, ಹಾಜರಿ ಪುಸ್ತಕಕ್ಕೆ ಹೊಸ ರಟ್ಟು, ಗೋಡೆಗೆ ಸುಣ್ಣ. ಆಗ ನಮಗೆ ನಗು ಬರ್ತಿತ್ತು. ಆದ್ರೆ ಆ ಗಡಿಬಿಡಿಗೆ 150 ವರ್ಷಕ್ಕೂ ಹಳೇ ಇತಿಹಾಸ ಇದೆ.

1854. ಲಂಡನ್‌ನಿಂದ ಚಾರ್ಲ್ಸ್ ವುಡ್ ಅನ್ನೋರು ಭಾರತಕ್ಕೆ ಒಂದು ಉದ್ದನೆಯ ಪತ್ರ ಕಳಿಸ್ತಾರೆ. ಪತ್ರದ ಸಾರ ಇಷ್ಟು: ಎಲ್ಲ ಕಡೆ ಸರ್ಕಾರವೇ ಶಾಲೆ ಕಟ್ಟೋದಕ್ಕಾಗಲ್ಲ. ಖಾಸಗಿಯವರು ನಡೆಸಲಿ, ಸರ್ಕಾರ ಸಹಾಯಧನ ಕೊಡಲಿ. ಆದ್ರೆ ಷರತ್ತುಗಳಿವೆ. ಸ್ಥಳೀಯವಾಗಿ ಜವಾಬ್ದಾರಿ ಹೊರೋ ಆಡಳಿತ ಮಂಡಳಿ ಇರಬೇಕು, ಸರ್ಕಾರದ ತಪಾಸಣೆಗೆ ಒಪ್ಪಬೇಕು. ಬಿಕಾಂ ಓದಿದ ನನಗೆ ಇದು ತಕ್ಷಣ ಅರ್ಥ ಆಗುತ್ತೆ. ದುಡ್ಡು ಹಾಕಿದವರಿಗೆ ಆಡಿಟ್ ಮಾಡೋ ಹಕ್ಕು.

ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1857ರಲ್ಲಿ ಇಲ್ಲೂ ಶಿಕ್ಷಣ ಇಲಾಖೆ ಶುರುವಾಯ್ತು. 1868ರಲ್ಲಿ ಹೋಬಳಿಗೊಂದು ಶಾಲೆ ಅನ್ನೋ ಯೋಜನೆ ಬಂತು. ಅದರ ಹಿಂದಿದ್ದವರು ಬಿ.ಎಲ್. ರೈಸ್, ಶಾಸನಗಳನ್ನ ಸಂಗ್ರಹಿಸಿದ ಅದೇ ರೈಸ್.

ಈಗ ನಮ್ಮ ಜಿಲ್ಲೆಗೆ ಬರೋಣ. 1939ರಲ್ಲಿ ಮಂಡ್ಯ ಜಿಲ್ಲೆ ಆಯ್ತು. ನಾಲೆ ನೀರು, ಕಬ್ಬು, ಸಕ್ಕರೆ ಕಾರ್ಖಾನೆ ಬಂದ ಮೇಲೆ ರೈತರ ಮಕ್ಕಳಿಗೂ ಓದೋ ಆಸೆ ಹುಟ್ಟಿತು. ಆ ಆಸೆಗೆ ಇಲ್ಲಿನ ಮುಖಂಡರು ಸಂಸ್ಥೆಗಳ ರೂಪ ಕೊಟ್ರು. ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು; 1962ರಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾಯ್ತು. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರ ಭಾರತೀ ಶಿಕ್ಷಣ ಟ್ರಸ್ಟ್. ರಾಜ್ಯದ ತುಂಬಾ ಇಂಥ ಟ್ರಸ್ಟ್‌ಗಳು, ಮಠಗಳು ಶಾಲೆ ನಡೆಸಿದ್ವು. ಅನುದಾನ ಸಿಕ್ಕ ಕಡೆ ಸರ್ಕಾರ ಸಂಬಳ ಕೊಟ್ಟು ಲೆಕ್ಕ ಕೇಳ್ತು.

ಅಮೆರಿಕದವರು ಇದೇ ಥರದ ಐಡಿಯಾವನ್ನ ಬೇರೆ ದಾರೀಲಿ ತಲುಪಿದ್ರು. 1991ರಲ್ಲಿ ಮಿನ್ನೆಸೋಟ ರಾಜ್ಯ ಚಾರ್ಟರ್ ಶಾಲೆ ಕಾನೂನು ಮಾಡ್ತು. ದುಡ್ಡು ಸರ್ಕಾರದ್ದು, ನಡೆಸೋರು ಬೇರೆಯವರು, ಮಾತಿನಂತೆ ನಡೀದಿದ್ರೆ ಪರವಾನಗಿ ರದ್ದು.

ನಮ್ಮಲ್ಲಿ ಮಾತ್ರ ಅಷ್ಟೊತ್ತಿಗೆ ಗಾಳಿ ತಿರುಗಿತ್ತು. ಸರ್ಕಾರ ಹೊಸ ಶಾಲೆಗಳಿಗೆ ಅನುದಾನ ಕೊಡೋದಕ್ಕೆ ಕೈ ಹಿಡಿಯೋಕೆ ಶುರುಮಾಡ್ತು. 1995ರ ನಂತರದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಅನ್ನೋ ಕೂಗು ಇವತ್ತಿಗೂ ನಿಂತಿಲ್ಲ. ಆ ಜಾಗಕ್ಕೆ ಅನುದಾನರಹಿತ ಇಂಗ್ಲಿಷ್ ಮೀಡಿಯಂ ಬಂತು, ಹಳದಿ ವ್ಯಾನ್ ಬಂತು.

ಆರ್‌ಟಿಇ ಹಳೇ ಒಪ್ಪಂದವನ್ನ ಹೊಸ ರೂಪದಲ್ಲಿ ವಾಪಸ್ ತಂತು. 2009ರ ಕಾಯ್ದೆ ಪ್ರಕಾರ ಖಾಸಗಿ ಶಾಲೆ 25% ಸೀಟು ಬಡ ಮಕ್ಕಳಿಗೆ ಕೊಡಬೇಕು, ಅವರ ವೆಚ್ಚ ಸರ್ಕಾರ ಕೊಡುತ್ತೆ. ಆದ್ರೆ 2019-20ರಿಂದ ಕರ್ನಾಟಕ ನಿಯಮ ಬದಲಾಯಿಸ್ತು. ನೆರೆಹೊರೇಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. 2023ರ ಜನವರಿಯಲ್ಲಿ ಹೈಕೋರ್ಟ್, ಅನುದಾನರಹಿತ ಶಾಲೆಗಳ ಫೀಸ್ ನಿಯಂತ್ರಿಸೋ ಸೆಕ್ಷನ್‌ಗಳು ಊರ್ಜಿತವಲ್ಲ ಅಂತು.

ಖಾಸಗಿ ಶಾಲೆಯವರ ವಾದದಲ್ಲೂ ಹುರುಳಿದೆ. ತಪಾಸಣೆ ಹೆಸರಲ್ಲಿ ಕಿರುಕುಳ ಆಗ್ಬೋದು. 2002ರಲ್ಲಿ ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳ ಪೀಠ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಕೇಸಲ್ಲಿ ಅನುದಾನ ಪಡೆಯದ ಸಂಸ್ಥೆಗಳಿಗೆ ಸ್ವಾಯತ್ತತೆ ಬೇಕು ಅಂತು. ಆದ್ರೆ ಲಾಭಕೋರತನ ಕೂಡದು ಅಂತಾನೂ ಅದೇ ತೀರ್ಪು ಹೇಳ್ತು. ಅನುದಾನಿತ ಶಾಲೆಗಳೂ ಸಾಚಾ ಅಲ್ಲ ಬಿಡಿ, ಹುದ್ದೆಗೆ ಡೊನೇಷನ್ ಅನ್ನೋ ಮಾತು ಎಲ್ಲ ಕಡೆ ಕೇಳಿದೀವಿ.

ಆದ್ರೂ ಒಂದು ವ್ಯತ್ಯಾಸ ಇದೆ. ಸರ್ಕಾರದ ದುಡ್ಡಲ್ಲಿ ಗಣನೀಯವಾಗಿ ನಡೆಯೋ ಸಂಸ್ಥೆ ಮಾಹಿತಿ ಹಕ್ಕಿನಡಿ ಬರುತ್ತೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಅಲ್ಲಿ ನೀವು ಅರ್ಜಿ ಹಾಕಿ ಲೆಕ್ಕ ಕೇಳ್ಬೋದು. ಪೂರ್ತಿ ಅಪ್ಪ-ಅಮ್ಮನ ಜೇಬಿಂದ ನಡೆಯೋ ಶಾಲೇಲಿ ಆ ಬಾಗಿಲು ಸುಲಭವಾಗಿ ತೆರೆಯಲ್ಲ. ಸರ್ಕಾರ ದುಡ್ಡು ಕೊಡೋದು ಬಿಟ್ಟಾಗ ಕೇಳೋ ಹಕ್ಕೂ ಸಡಿಲ ಆಯ್ತು.

ಅಕ್ಕ ಈಗ ಬಿಇಒ ಆಫೀಸ್‌ಗೆ ಅಲೀತಿದ್ದಾಳೆ. ಹಂಗಾಗಿ ಕೇಳೋರಿಗೆ ನನ್ನದೊಂದು ಮನವಿ. ತಮ್ಮನೋ ತಂಗಿನೋ ಶಾಲೆಗೆ ಸೇರೋ ಮುಂಚೆ, ಮಾನ್ಯತೆ ಆದೇಶ ತೋರಿಸಿ ಅಂತ ಕೇಳಿ. ಯಾವ ಕ್ಲಾಸಿಂದ ಯಾವ ಕ್ಲಾಸ್‌ವರೆಗೆ, ಯಾವ ಮಾಧ್ಯಮ, ಯಾವ ವರ್ಷದ ತನಕ ಅಂತ ಓದಿ, ಬಿಇಒ ಆಫೀಸಲ್ಲೂ ಒಂದ್ಸಲ ತಾಳೆ ನೋಡಿ.

ನಿಮ್ಮೂರ ಶಾಲೇಲೂ ಹಿಂಗೇನಾದ್ರೂ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.