ಮಾಡೆಲ್ ಟ್ಯಾಂಕ್: ಡಬ್ಬಿಯಿಂದ ಅಳತೆಪಟ್ಟಿಯವರೆಗೆ

ಸ್ಕೇಲ್ ಮಾಡೆಲ್ ಕಟ್ಟುವುದು ಲಾಕ್‌ಡೌನ್ ದಿನಗಳಲ್ಲಿ ವಿಡಿಯೊ ನೋಡಿ ಹುಟ್ಟಿಕೊಂಡ ಹವ್ಯಾಸ ಎಂಬ ಮಾತು ಮಂಗಳೂರಿನಲ್ಲಿ ಈಗ ಚಾಲ್ತಿಯಲ್ಲಿದೆ. ಅದಕ್ಕಿಂತ ಹಳೆಯ ಇನ್ನೊಂದು ಮಾತೂ ಇದೆ: ಇದು ಮಕ್ಕಳ ಆಟಿಕೆ. ಸುಂಕದ ಪಟ್ಟಿಯೂ ಹಾಗೆಯೇ ಹೇಳುತ್ತದೆ. ಅಳತೆಗೆ ಕುಗ್ಗಿಸಿದ ಮಾದರಿಗಳು ಅಲ್ಲಿ 9503ನೇ ಶೀರ್ಷಿಕೆಯಡಿ ಗೊಂಬೆ ಮತ್ತು ಮೂರು ಗಾಲಿ ಸೈಕಲ್ಲುಗಳ ಸಾಲಿನಲ್ಲಿವೆ. ಈ ಎರಡು ಮಾತುಗಳ ನಡುವೆ ಸಿಕ್ಕಿ ಒಂದು ಕೈಕೆಲಸದ ಚರಿತ್ರೆ ಬರೆಯದೇ ಉಳಿದಿದೆ. ಅದನ್ನು ಬರೆಯುವುದು ಹಳಬರ ನೆನಪಿಗಾಗಿ ಅಲ್ಲ. ಈ ಕಲೆ ಇಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ, ಮುಂದೆ ಎತ್ತ ಹೋಗಬೇಕು ಎಂಬುದು ಚರಿತ್ರೆ ಗೊತ್ತಿಲ್ಲದೆ ಹೊಳೆಯುವುದಿಲ್ಲ.

ಸೇನೆಯ ಬಣ್ಣಕ್ಕೂ ಈ ಊರಿಗೂ ನಂಟು ಹಳೆಯದು. ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದ ಆರಂಭದಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ಸಿದ್ಧಪಡಿಸಿದ ಎಂಬುದು ಇಲ್ಲಿನ ನೇಯ್ಗೆಯ ಇತಿಹಾಸದ ಹೆಮ್ಮೆ. ಮಾದರಿ ಕಟ್ಟುವ ಶಿಸ್ತು ಬಂದದ್ದು ಮಾತ್ರ ಎನ್‌ಸಿಸಿಯಿಂದ. ಅದರ ವಾಯು ವಿಭಾಗ 1950ರಲ್ಲಿ, ನೌಕಾ ವಿಭಾಗ 1952ರಲ್ಲಿ ಶುರುವಾದವು. ಕಾಲಾಂತರದಲ್ಲಿ ಎರಡರ ಘಟಕಗಳೂ ಮಂಗಳೂರಿಗೆ ಬಂದವು. ನೌಕಾ ಕೆಡೆಟ್‌ಗಳಿಗೆ ಹಡಗಿನ ಮಾದರಿ, ವಾಯು ಕೆಡೆಟ್‌ಗಳಿಗೆ ವಿಮಾನದ ಮಾದರಿ ಸ್ಪರ್ಧೆಯ ವಿಷಯಗಳೇ ಆಗಿದ್ದವು. ಬಾಲ್ಸಾ ಮರ, ಪ್ಲೈವುಡ್, ಎಮರಿ ಪೇಪರ್, ನಕ್ಷೆ: ಇಷ್ಟೇ ಸಾಮಗ್ರಿ. ನಕ್ಷೆಯಲ್ಲಿರುವುದನ್ನು ಮರದಲ್ಲಿ ತಪ್ಪಿಲ್ಲದೆ ಇಳಿಸುವ ಅಭ್ಯಾಸ ಕೆಡೆಟ್‌ಗಳಿಗೆ ಅಲ್ಲಿಯೇ ಆಯಿತು. ಟ್ಯಾಂಕ್ ಮಾತ್ರ ಈ ಅಭ್ಯಾಸದ ಹೊರಗೇ ಉಳಿಯಿತು. ನೂರಾರು ಕೊಂಡಿಗಳ ಪಟ್ಟಿ, ಗಾಲಿ, ಎರಕದ ಗೋಪುರ ಇವನ್ನೆಲ್ಲ ಬಾಲ್ಸಾದಲ್ಲಿ ಕೆತ್ತುವುದು ಯಾರಿಗೂ ಹಿಡಿಸುವ ಕೆಲಸವಲ್ಲ. ಅದಕ್ಕೆ ಪ್ಲಾಸ್ಟಿಕ್ ಬರಬೇಕಾಯಿತು.

ಪ್ಲಾಸ್ಟಿಕ್ ಟ್ಯಾಂಕಿನ ಕಥೆಯನ್ನು ಎರಡು ಹೆಸರುಗಳಲ್ಲಿ ಮುಗಿಸಬಹುದು. ಇಂಗ್ಲೆಂಡಿನ ಏರ್‌ಫಿಕ್ಸ್ 1960ರ ದಶಕದ ಆರಂಭದಲ್ಲಿ 76ನೇ ಒಂದು ಅಳತೆಯ ಪುಟ್ಟ ಟ್ಯಾಂಕುಗಳನ್ನು ಅಗ್ಗದ ದರದಲ್ಲಿ ಕೊಟ್ಟಿತು. ಅದೇ ಹೊತ್ತಿಗೆ ಜಪಾನಿನ ತಮಿಯಾ ಮೋಟಾರು ಇಟ್ಟ ಪ್ಯಾಂಥರ್ ಟ್ಯಾಂಕನ್ನು ಹೊರತಂದಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ಜಾಗ ಬೇಕೆಂದು ಗಾತ್ರ ನಿಗದಿಮಾಡಿ, ಆಮೇಲೆ ಲೆಕ್ಕ ಹಾಕಿದಾಗ ಅದು 35ನೇ ಒಂದು ಅಳತೆ ಎಂದು ಬಂತು. ಇಂದು ಜಗತ್ತಿನ ಹೆಚ್ಚಿನ ಮಾಡೆಲ್ ಟ್ಯಾಂಕುಗಳ ಅಳತೆ ಅದೇ. ಆದರೆ ತಮಿಯಾದ ನಿಜವಾದ ಹೆಚ್ಚುಗಾರಿಕೆ ಬೇರೆಡೆಯಿದೆ. ಮುಂದೆ ಅದರ ಮುಖ್ಯಸ್ಥರಾದ ಶುನ್‌ಸಾಕು ತಮಿಯಾ ಅರವತ್ತರ ದಶಕದಲ್ಲಿಯೇ ಅಮೆರಿಕದ ಅಬರ್ಡೀನ್ ಸಂಗ್ರಹಕ್ಕೆ ಹೋಗಿ ನಿಜವಾದ ಟ್ಯಾಂಕುಗಳ ಮುಂದೆ ನಿಂತು, ಕೋನಕೋನದಿಂದ ಫೋಟೋ ತೆಗೆದು ತಂದವರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಈ ಲೇಖನದ ವಾದ ನಿಂತಿರುವುದೇ ಇದರ ಮೇಲೆ.

ಮಂಗಳೂರಿಗೆ ಈ ಕಿಟ್‌ಗಳು ಅಂಗಡಿಯ ಮೂಲಕ ಬರಲಿಲ್ಲ, ಪೆಟ್ಟಿಗೆಗಳಲ್ಲಿ ಬಂದವು. ಕೊಲ್ಲಿಗೆ ದುಡಿಯಲು ಹೋದ ಅಣ್ಣಂದಿರು, ಮಾವಂದಿರು ರಜೆಗೆ ಬರುವಾಗ ಬೊಂಬಾಯಿಯ ದಾರಿಯಾಗಿ ತಂದ ಡಬ್ಬಿಗಳವು. ಎಂಬತ್ತರ ದಶಕದಲ್ಲಿ ಈ ಕೆಲಸಕ್ಕೆ ಇಳಿದ ನಮ್ಮ ತಲೆಮಾರಿನವರ ಕೈಗೆ ವರ್ಷಕ್ಕೆ ಒಂದೋ ಎರಡೋ ಕಿಟ್ ಸಿಕ್ಕಿದರೆ ಅದೇ ದೊಡ್ಡದು. ಹಾಗಾಗಿ ಒಂದೊಂದು ಭಾಗವನ್ನೂ ಫ್ರೇಮಿನಿಂದ ಬಿಡಿಸುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆವು. ಕತ್ತರಿಸಿದ ಜಾಗದ ಗಂಟು ಉಜ್ಜಿ, ಎರಡು ಅಚ್ಚು ಸೇರುವ ಗೆರೆಯನ್ನು ಬ್ಲೇಡಿನಿಂದ ಹೆರೆದು, ಒಣಗಿಯೇ ಜೋಡಿಸಿ ನೋಡಿ, ಆಮೇಲೆ ಅಂಟು. ಈ ಅಂಟು ಕಾಗದದ ಗೋಂದಿನ ಹಾಗಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗಗಳನ್ನು ಒಂದಾಗಿ ಬೆಸೆಯುತ್ತದೆ. ಒಮ್ಮೆ ತಪ್ಪಿದರೆ ಬಿಡಿಸಿ ಮತ್ತೆ ಕೂರಿಸುವ ಹಾಗಿಲ್ಲ.

ಬಣ್ಣದ ವಿಷಯದಲ್ಲಿ ಈ ತಲೆಮಾರು ಊರಿನ ಪೇಂಟರುಗಳಿಂದ ಕಲಿತದ್ದು ಬಹಳ. ಲಾರಿ, ಬಸ್ಸುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜುಗಳಲ್ಲಿ ಬೂದು ಪ್ರೈಮರ್, ಎನ್‌ಸಿ ಪುಟ್ಟಿ, ನೀರಿನಲ್ಲಿ ನೆನೆಸಿ ಉಜ್ಜುವ ವಾಟರ್ ಪೇಪರ್ ಎಲ್ಲವೂ ಇದ್ದವು. ಕಿಟ್ ಜೊತೆ ಹಂಬ್ರೋಲ್ ಎನಾಮೆಲ್‌ನ ಪುಟ್ಟ ಡಬ್ಬಿ ಬಂದರೆ ಸರಿ, ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಎನಾಮೆಲ್‌ಗೆ ಸೀಮೆಸುಣ್ಣದ ನಯವಾದ ಪುಡಿ ಬೆರೆಸಿ ಹೊಳಪು ಕೊಲ್ಲುತ್ತಿದ್ದೆವು. ಬ್ರಶ್ಶೇ ಗತಿ. ತೆಳುವಾಗಿ ಒಂದು ಪದರ, ಪೂರ್ತಿ ಒಣಗಿದ ಮೇಲೆ ಇನ್ನೊಂದು. ಒಣಗುವ ಮೊದಲು ಮತ್ತೆ ಬ್ರಶ್ ತಾಗಿಸಿದರೆ ಕೆಳಗಿನ ಪದರ ಎದ್ದು ಬರುತ್ತದೆ. ತಾಳ್ಮೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಕರಾವಳಿಯಲ್ಲಿ ಬ್ರಶ್ ಪದ್ಧತಿ ಬೆಂಗಳೂರಿಗಿಂತ ಹೆಚ್ಚು ಕಾಲ ಬಾಳಿದ್ದಕ್ಕೆ ಬಡತನವೊಂದೇ ಕಾರಣವಲ್ಲ, ಹವೆಯೂ ಕಾರಣ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಹೊಡೆದರೆ ಮೇಲ್ಮೈ ಬಿಳಿಚಿಕೊಳ್ಳುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವ ಅಲ್ಲಿ ಕೂರುವುದೇ ಇದಕ್ಕೆ ಕಾರಣ. ಕಂಪ್ರೆಸರ್ ಪೈಪಿನಲ್ಲಿಯೂ ನೀರು ಕಟ್ಟಿ ಬಣ್ಣದ ಜೊತೆ ಉಗುಳುತ್ತದೆ. ನಿಧಾನವಾಗಿ ಆರುವ ಎನಾಮೆಲ್‌ಗೆ ಈ ತೊಂದರೆ ಕಡಿಮೆ. ಗ್ಯಾರೇಜಿನ ಪೇಂಟರುಗಳು ಮಳೆಗಾಲದಲ್ಲಿ ರಿಟಾರ್ಡರ್ ಥಿನ್ನರ್ ಬೆರೆಸುವುದನ್ನು ನೋಡಿ ನಾವೂ ಕಲಿತೆವು. ಹೊರದೇಶದ ಯಾವ ಕೈಪಿಡಿಯಲ್ಲಿಯೂ ಈ ಪಾಠಕ್ಕೆ ಮಳೆಗಾಲದ ಲೆಕ್ಕವಿರಲಿಲ್ಲ.

ತೊಂಬತ್ತರ ದಶಕದಲ್ಲಿ ಹಳೆಯ ಪುಸ್ತಕದಂಗಡಿಗಳ ಮೂಲಕ ವಿದೇಶಿ ಪತ್ರಿಕೆಗಳು ಕೈಸೇರಿದಾಗ ಇಬ್ಬರ ಪ್ರಭಾವ ದೊಡ್ಡದಾಯಿತು. ಅಮೆರಿಕದ ಶೆಪರ್ಡ್ ಪೇನ್ ಎಪ್ಪತ್ತರ ದಶಕದಲ್ಲಿಯೇ ಮಾನೋಗ್ರಾಂ ಕಿಟ್‌ಗಳ ಜೊತೆ ಡಯೋರಾಮಾ ಹಾಳೆಗಳನ್ನು ಕೊಟ್ಟು, ಟ್ಯಾಂಕಿನ ಸುತ್ತ ಒಂದು ಘಟನೆಯನ್ನೇ ಕಟ್ಟಲು ಕಲಿಸಿದವರು. ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡನ್ ಡ್ರೈಬ್ರಶ್ ಮತ್ತು ವಾಶ್ ಎಂಬ ಎರಡು ಕ್ರಮಗಳನ್ನು ಮನೆಮನೆಗೆ ತಲುಪಿಸಿದವರು. ಬಹುಪಾಲು ಬಣ್ಣ ಒರೆಸಿದ ಬ್ರಶ್ಶಿನಿಂದ ಅಂಚು, ಬೋಲ್ಟು, ಬೆಸುಗೆಯ ಮೇಲೆ ತೇಲಿಸುವುದು ಡ್ರೈಬ್ರಶ್. ತೆಳು ಕಪ್ಪುಕಂದು ಬಣ್ಣವನ್ನು ಸಂದುಗಳಲ್ಲಿ ಹರಿಯಬಿಡುವುದು ವಾಶ್. ಇವತ್ತಿನ ಹುಡುಗರಿಗೆ ಇದು ಹಳತೆನಿಸುತ್ತದೆ. ಆದರೆ ಬೆಳಕು ಎತ್ತರದ ಮೇಲೆ ಬೀಳುತ್ತದೆ, ಕೊಳೆ ತಗ್ಗಿನಲ್ಲಿ ನಿಲ್ಲುತ್ತದೆ ಎಂಬ ಸರಳ ಕಾರಣ ಆ ಎರಡರ ಹಿಂದೆಯೂ ಇದೆ. ಕಾರಣವಿಲ್ಲದ ಒಂದು ಗೆರೆಯನ್ನೂ ನಮ್ಮ ಕಾಲದ ಒಳ್ಳೆಯ ಕೈಗಳು ಎಳೆಯಲಿಲ್ಲ. ನನ್ನ ಮಟ್ಟಿಗೆ ಈ ಕಲೆಯ ಮಾನದಂಡ ಈಗಲೂ ಅದೇ.

2000ದ ನಂತರ ಏರ್‌ಬ್ರಶ್ ಕೈಗೆಟುಕಿತು, ಅದರ ಜೊತೆ ಸ್ಪೇನಿನ ಪಂಥ ಬಂತು. ಮಿಗೆಲ್ ಹಿಮೆನೆಸ್, ಆಡಮ್ ವೈಲ್ಡರ್ ಮುಂತಾದವರು ಪ್ರಚುರಪಡಿಸಿದ ವರ್ಣಕ್ರಮದಲ್ಲಿ ಟ್ಯಾಂಕಿನ ಪ್ರತಿಯೊಂದು ತಗಡೂ ಒಂದು ತುದಿಯಲ್ಲಿ ಗಾಢ, ಇನ್ನೊಂದು ತುದಿಯಲ್ಲಿ ತಿಳಿ. ಅಂಗೈಯಗಲದ ವಸ್ತುವಿನ ಮೇಲೆ ಸೂರ್ಯನ ಬೆಳಕು ನಿಜವಾದ ಟ್ಯಾಂಕಿನ ಮೇಲೆ ಬಿದ್ದಷ್ಟು ಭೇದ ತೋರದು. ಆ ಭೇದವನ್ನು ಬಣ್ಣದಲ್ಲೇ ಬರೆದಿಡಬೇಕು ಎಂಬುದು ಅವರ ವಾದ. ಮಂಗಳೂರಿನವರಿಗೆ ಇದು ಅಪರಿಚಿತವಾಗಬೇಕಿರಲಿಲ್ಲ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳಲ್ಲಿ ಚಪ್ಪಟೆ ಗೋಡೆಯ ಮೇಲಿನ ಅಲಂಕಾರ ಕೆತ್ತಿದಂತೆ ಉಬ್ಬಿ ಕಾಣುವುದು ಇದೇ ವಿದ್ಯೆಯಿಂದ. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನಿರ್ಧರಿಸಿ, ಅದಕ್ಕೆ ಕೊನೆಯವರೆಗೆ ನಿಷ್ಠನಾಗಿರುವುದು ಅಲ್ಲಿಯ ಪಾಠ. ಏರ್‌ಬ್ರಶ್ ಹಿಡಿಯುವ ಪ್ರತಿಯೊಬ್ಬರೂ ಒಂದು ಬೆಳಗ್ಗೆ ಅಲ್ಲಿ ಕುಳಿತು ನೋಡುವುದು ಒಳ್ಳೆಯದು.

ಈ ಪಂಥ ಕೊಟ್ಟ ಕ್ರಮಬದ್ಧತೆ ಬೆಲೆಯುಳ್ಳದ್ದು. ಪ್ರೈಮರ್, ಮೂಲ ಬಣ್ಣ, ಹೊಳಪಿನ ಪದರ, ಅದರ ಮೇಲೆ ಗುರುತುಗಳ ಅಂಟುಹಾಳೆಯಾದ ಡಿಕಾಲ್, ನಂತರ ವಾಶ್, ಧೂಳು, ಕೊನೆಗೆ ಮ್ಯಾಟ್. ಹೊಳಪಿನ ಪದರವಿಲ್ಲದಿದ್ದರೆ ಡಿಕಾಲಿನಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಅಕ್ರಿಲಿಕ್ ಬಣ್ಣದ ಮೇಲೆ ಎನಾಮೆಲ್ ವಾಶ್ ಕೊಟ್ಟರೆ ಕೆಳಗಿನದು ಕರಗುವುದಿಲ್ಲ. ಇದೆಲ್ಲ ಸರಿಯೇ. ಆದರೆ ಸೀಸೆಯಲ್ಲಿ ಸಿದ್ಧ ತುಕ್ಕು, ಸಿದ್ಧ ಕೆಸರು ಬರತೊಡಗಿದ ಮೇಲೆ ಕಾರಣ ಹಿಂದೆ ಸರಿಯಿತು. ಸೇವೆಯಲ್ಲಿರುವ ಟ್ಯಾಂಕನ್ನು ರೆಜಿಮೆಂಟಿನ ಸೈನಿಕರು ದಿನವೂ ನೋಡಿಕೊಳ್ಳುತ್ತಾರೆ. ಅದರ ಮೈಯೆಲ್ಲ ಕಿತ್ತಳೆ ತುಕ್ಕು ಹಿಡಿಯುವುದಿಲ್ಲ. ನೆಲಕ್ಕೆ ತಾಗುವ ಪಟ್ಟಿಯ ಮುಖ ಉಜ್ಜಿಉಜ್ಜಿ ಬೆಳ್ಳಗಾಗಿರುತ್ತದೆ. ಬಣ್ಣ ಸವೆಯುವುದು ಸಿಬ್ಬಂದಿ ಹತ್ತಿಳಿಯುವ ಅಂಚುಗಳಲ್ಲಿ. ಹೊಗೆ ಕೂರುವುದು ಹೊಗೆಕೊಳವೆಯ ಬಾಯಲ್ಲಿ, ಸೋವಿಯತ್ ಟ್ಯಾಂಕ್ ಟಿ-55ರಲ್ಲಾದರೆ ಎಡಬದಿಯ ಹಿಂದೆ. ಧೂಳಿಗೂ ಊರಿದೆ. ನಮ್ಮ ಮುರಕಲ್ಲಿನ ಕೆಂಪುಪುಡಿಯನ್ನು ಪಂಜಾಬಿನ ಬಯಲಿನಲ್ಲಿ ಓಡಿದ ಟ್ಯಾಂಕಿಗೆ ಸವರಿದರೆ ಅದು ಸುಳ್ಳಾಗುತ್ತದೆ.

ಕಳೆದ ದಶಕದಲ್ಲಿ ಎರಡು ಬದಲಾವಣೆಗಳಾದವು. ಆನ್‌ಲೈನ್ ಖರೀದಿಯಿಂದ ಚೀನಾದ, ರಷ್ಯಾದ ಕಿಟ್‌ಗಳೂ ಸ್ಪೇನಿನ ಬಣ್ಣಗಳೂ ಮನೆಬಾಗಿಲಿಗೆ ಬಂದವು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿ ಅದೇ ಬಾಗಿಲು ಕಿರಿದಾಯಿತು. ದೇಶದ ಆಟಿಕೆ ಉದ್ಯಮ ಬೆಳೆಯಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ಆಟಿಕೆಯ ಸಾಲಿಗೆ ಸೇರಿಸಿದ ತಪ್ಪಿನ ದಂಡವನ್ನು ತೆರುತ್ತಿರುವವರು ವಿದ್ಯಾರ್ಥಿಗಳು. ಈ ನಡುವೆ ಮೂರು ಆಯಾಮದ ಮುದ್ರಣ ಬಂದಿದೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಿಡಿಭಾಗಗಳನ್ನು ತಾವೇ ಮುದ್ರಿಸುತ್ತಾರೆ. ಈ ಕಲೆಯ ಇಷ್ಟು ವರ್ಷಗಳಲ್ಲಿ ನಾನು ಕಂಡ ಅತಿ ದೊಡ್ಡ ಅವಕಾಶ ಅದು. ಡಬ್ಬಿಯಲ್ಲಿ ಬಾರದ ಟ್ಯಾಂಕನ್ನೂ ಈಗ ಕಟ್ಟಬಹುದು.

ಹಾಗಿದ್ದೂ ಮೇಜಿನ ಮೇಲಿರುವುದು ಯಾವುದು? ಟೈಗರ್, ಪ್ಯಾಂಥರ್. ಜರ್ಮನ್ ಟ್ಯಾಂಕಿನ ಬೆಸುಗೆಯ ಗೆರೆಗಳನ್ನು ಕಣ್ಣುಮುಚ್ಚಿ ಹೇಳಬಲ್ಲವರಿಗೆ ನಮ್ಮ ಸೈನಿಕರು ಹತ್ತಿದ ಟ್ಯಾಂಕುಗಳ ಬಗ್ಗೆ ಹೇಳಲು ಬಹಳವಿಲ್ಲ. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ, 11,000 ಅಡಿಗೂ ಮೀರಿದ ಎತ್ತರಕ್ಕೆ, ಸ್ಟುವರ್ಟ್ ಟ್ಯಾಂಕುಗಳನ್ನು ಏರಿಸಿದ ಕಾರ್ಯಾಚರಣೆಯ ಹಿಂದಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. ಟ್ಯಾಂಕುಗಳ ಗೋಪುರ ಬಿಚ್ಚಿ ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಿದ್ದರು. ಹಿಮ, ಬಿಚ್ಚಿದ ಗೋಪುರ, ಕಡಿದಾದ ದಾರಿ: ಡಯೋರಾಮಾಕ್ಕೆ ಇದಕ್ಕಿಂತ ಸಮೃದ್ಧ ವಸ್ತು ಯಾವುದಿದೆ? 1971ರ ಡಿಸೆಂಬರ್ 16ರಂದು ಬಸಂತರ್‌ನಲ್ಲಿ ಅರುಣ್ ಖೇತರ್‌ಪಾಲ್ ಹೋರಾಡಿದ ಸೆಂಚೂರಿಯನ್ ‘ಫಾಮಾಗುಸ್ತಾ’, ಆವಡಿಯಲ್ಲಿ ತಯಾರಾದ ವಿಜಯಂತ, ಅದೇ ಯುದ್ಧದಲ್ಲಿ ಪೂರ್ವ ರಂಗದ ಜವುಗಿನಲ್ಲಿ ಈಜಿದ ಪಿಟಿ-76 ಇವೂ ಕಾದಿವೆ. ಡಬ್ಬಿಯ ಮೇಲಿನ ಚಿತ್ರ ಹೇಳಿದ ಯುದ್ಧವನ್ನಷ್ಟೇ ಕಟ್ಟುವ ಅಭ್ಯಾಸದಿಂದ ನಾವು ಇನ್ನೂ ಹೊರಬಂದಿಲ್ಲ.

ಇಂಥ ಕೆಲಸಕ್ಕೆ ಬೇಕಾದ ಪುರಾವೆ ದೂರದಲ್ಲಿಲ್ಲ. ಕದ್ರಿ ಗುಡ್ಡದಲ್ಲಿ ಯುದ್ಧ ಸ್ಮಾರಕದ ಬಳಿ ಒಂದು ಟಿ-55 ನಿಂತಿದೆ. ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿಯ ತಿಮ್ಮಯ್ಯ ಮ್ಯೂಸಿಯಂನಲ್ಲಿ ಇನ್ನೊಂದು. ಸುಮಾರು 36 ಟನ್ ತೂಕದ ಈ ಯಂತ್ರದ ಒಡಲಿನ ಉದ್ದ 6.45 ಮೀಟರ್, ಅಗಲ 3.27 ಮೀಟರ್. 35ನೇ ಒಂದು ಅಳತೆಯಲ್ಲಿ 18.4 ಮತ್ತು 9.3 ಸೆಂಟಿಮೀಟರ್. ಮುಂದಿನ ಗಾಲಿಗೂ ಎರಡನೆಯದಕ್ಕೂ ನಡುವೆ ಹೆಚ್ಚಿನ ಅಂತರವಿರುವುದು ಅದರ ಗುರುತು. ಫಿರಂಗಿಯ ಕೊಳವೆಯ ಮೇಲಿನ ಉಬ್ಬು ಎಲ್ಲಿದೆ ಎಂದು ನೋಡಬೇಕು. ಸೋವಿಯತ್‌ನ 100 ಮಿ.ಮೀ. ಫಿರಂಗಿಯಲ್ಲಿ ಅದು ತುದಿಯಲ್ಲಿ, ಮುಂದೆ ಭಾರತ ಅಳವಡಿಸಿದ 105 ಮಿ.ಮೀ. ಫಿರಂಗಿಯಲ್ಲಿ ನಡುವೆ. 1971ರಲ್ಲಿ ಪಾಕಿಸ್ತಾನದ ಟೈಪ್-59ಗಳಿಂದ ಬೇರೆಯಾಗಿ ಗುರುತಿಸಲೆಂದು ನಮ್ಮ ಕೆಲವು ಟಿ-55ಗಳ ಕೊಳವೆಯ ನಡುವೆ ಹುಸಿ ಉಬ್ಬು ಕೂರಿಸಿದ್ದೂ ಉಂಟು. ತಮಿಯಾ 2002ರಲ್ಲಿ ತಂದ ಟಿ-55ಎ ಕಿಟ್ ಸೊಗಸಾದದ್ದು, ಆದರೆ ಅದನ್ನು ಡಬ್ಬಿಯಲ್ಲಿದ್ದಂತೆ ಕಟ್ಟಿ ತ್ರಿವರ್ಣ ಬರೆದರೆ ಅದು ಭಾರತದ ಟ್ಯಾಂಕ್ ಆಗುವುದಿಲ್ಲ. ಸ್ಮಾರಕದ ಟ್ಯಾಂಕಿನ ಬಣ್ಣವನ್ನೂ ನಂಬಬಾರದು. ಅದು ಪ್ರದರ್ಶನಕ್ಕಾಗಿ ಮತ್ತೆಮತ್ತೆ ಬಳಿದದ್ದು. ನಂಬಬೇಕಾದ್ದು ಅದರ ಉಕ್ಕನ್ನು: ಬೆಸುಗೆ, ಬೋಲ್ಟು, ಎರಕದ ತರಿ, ಅಳತೆ. ಬಣ್ಣಕ್ಕೆ ಆ ಕಾಲದ ಫೋಟೋ ಬೇಕು, ಅದನ್ನು ಓಡಿಸಿದವರ ಮಾತು ಬೇಕು. ಕೊಡಗಿನಲ್ಲಿಯೂ ಕರಾವಳಿಯಲ್ಲಿಯೂ ನಿವೃತ್ತ ಸೈನಿಕರು ಇದ್ದಾರೆ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಟ್ಯಾಂಕಿನ ಮೇಲೆ ಸಾಮಾನು ಹೇಗೆ ಕಟ್ಟುತ್ತಿದ್ದರು, ಯಾವ ಮೂಲೆ ಮೊದಲು ಸವೆಯುತ್ತಿತ್ತು, ಗುರುತುಗಳನ್ನು ಎಲ್ಲಿ ಬರೆಯುತ್ತಿದ್ದರು ಎಂದು ಅವರನ್ನು ಕೇಳಿ ಬರೆದಿಡುವ ಕೆಲಸ ಇನ್ನು ಹತ್ತು ವರ್ಷ ತಡೆಯುವಂಥದ್ದಲ್ಲ.

ಆದ್ದರಿಂದ ಮುಂದಿನ ಹಂತ ಇನ್ನಷ್ಟು ಕಿಟ್, ಇನ್ನಷ್ಟು ಸೀಸೆಗಳಿಂದ ಬರುವುದಿಲ್ಲ. ಒಂದು ರಜಾದಿನ ಅನುಮತಿ ಪಡೆದು ಅಳತೆಟೇಪು, ಕ್ಯಾಮೆರಾ, ನೋಟ್‌ಬುಕ್ ಹಿಡಿದು ನಾಲ್ಕು ವಿದ್ಯಾರ್ಥಿಗಳು ಕದ್ರಿಗೆ ಹೋಗಲಿ. ಅಳೆದ ನಕ್ಷೆಯನ್ನು ಕನ್ನಡದ ವಿವರಣೆಯೊಂದಿಗೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಎನ್‌ಸಿಸಿಯ ಹಡಗು, ವಿಮಾನಗಳ ಸಾಲಿಗೆ ನಮ್ಮ ಕಾಲೇಜುಗಳು ಟ್ಯಾಂಕನ್ನೂ ಸೇರಿಸಿ, ಬಣ್ಣಕ್ಕೆ ಕೊಡುವಷ್ಟೇ ಅಂಕವನ್ನು ಪುರಾವೆಗೂ ಕೊಡಲಿ. ತಮಿಯಾ ಬೆಳೆದದ್ದು ನಿಜವಾದ ಟ್ಯಾಂಕಿನ ಮುಂದೆ ನಿಂತು. ನಮ್ಮ ಹಿಂದಿನ ತಲೆಮಾರಿಗೆ ಹಾಗೆ ನಿಲ್ಲಲು ಒಂದು ಟ್ಯಾಂಕೂ ಇರಲಿಲ್ಲ, ಅಳೆದದ್ದನ್ನು ಮುದ್ರಿಸುವ ಯಂತ್ರವೂ ಇರಲಿಲ್ಲ. ಈಗಿನವರಿಗೆ ಎರಡೂ ಇವೆ. ಅಳೆದು, ಕೇಳಿ, ಕಾರಣ ತಿಳಿದು ಕಟ್ಟಿದ ಒಂದು ಟಿ-55 ಈ ಊರಿನಿಂದ ಹೊರಬಂದರೆ, ಇದನ್ನು ಆಟಿಕೆ ಎನ್ನುವವರಿಗೆ ಬೇರೆ ಉತ್ತರ ಕೊಡಬೇಕಾಗಿಲ್ಲ.