ಪೋಕೆಮಾನ್ ತಂಡ ರಚನೆ

ಪೋಕೆಮಾನ್ ವಿಡಿಯೊ ಗೇಮ್ ಸ್ಪರ್ಧೆಗಾಗಿ ಆರು ಪ್ರಾಣಿಗಳ ಪಡೆ ಕಟ್ಟಿ, ಒಂದೊಂದಕ್ಕೂ ಕಾಳಗದ ನಾಲ್ಕು ಪಟ್ಟುಗಳನ್ನು ಕಲಿಸಿ, ಕೈಗೊಂದು ವಸ್ತು ಕೊಟ್ಟು, ಅದರ ಬಲಾಬಲಗಳನ್ನು ಅಂಕಿಯ ಮಟ್ಟದಲ್ಲಿ ತಿದ್ದುವ ಕೆಲಸಕ್ಕೆ ಆಟಗಾರರು ‘ಟೀಮ್ ಬಿಲ್ಡಿಂಗ್’ ಎನ್ನುತ್ತಾರೆ. ಪಂದ್ಯ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ; ಅದರ ಹಿಂದಿನ ಲೆಕ್ಕಾಚಾರ ವಾರಗಟ್ಟಲೆ ನಡೆದಿರುತ್ತದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. ಕಣ್ಣಿಗೆ ಬಿದ್ದವುಗಳಲ್ಲಿ ಅತಿ ಬಲಿಷ್ಠವಾದ ಆರನ್ನು ಗುಡ್ಡೆ ಹಾಕಿ ತಂಡ ಎಂದುಕೊಳ್ಳುತ್ತಾರೆ. ಹನ್ನೊಂದು ಮಂದಿಯೂ ಆರಂಭಿಕ ಬ್ಯಾಟರ್‌ಗಳೇ ಆದರೆ ವಿಕೆಟ್ ಹಿಂದೆ ನಿಲ್ಲುವವರು ಯಾರು ಎಂಬ ಪ್ರಶ್ನೆ ಅವರಿಗೆ ಹೊಳೆಯುವುದು ನಾಲ್ಕಾರು ಸೋಲು ಉಂಡ ಮೇಲೆ.

ಈ ಮಾತಿಗೆ ಪೋಕೆಮಾನ್ ಲೋಕ ಇಂದಿಗೂ ಎತ್ತಿ ತೋರಿಸುವ ಸಾಕ್ಷಿ ಒಂದು ಅಳಿಲು. 2014ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ದಕ್ಷಿಣ ಕೊರಿಯಾದ ಸೇಜುನ್ ಪಾರ್ಕ್ ಪ್ಯಾಚಿರಿಸು ಎಂಬ ನೀಲಿ-ಬಿಳಿ ಬಣ್ಣದ ವಿದ್ಯುತ್ ಅಳಿಲನ್ನು ಕರೆತಂದರು. ಅದರ ಆರು ಮೂಲಗುಣಗಳನ್ನು ಕೂಡಿಸಿದರೆ 405. ಅದೇ ತಂಡದಲ್ಲಿದ್ದ ಗಾರ್ಚಾಂಪ್‌ನ ಮೊತ್ತ 600. ಮುದ್ದಿಗಾಗಿ ಸಾಕುವ ಪ್ರಾಣಿಯೆಂದೇ ಹೆಸರಾಗಿದ್ದ ಇದನ್ನು ಕಟ್ಟಿಕೊಂಡು ಪಾರ್ಕ್ ವಿಶ್ವ ಚಾಂಪಿಯನ್ ಆದರು.

ಪವಾಡವೇನೂ ನಡೆಯಲಿಲ್ಲ, ನಡೆದದ್ದು ಲೆಕ್ಕ. ಈ ಚಾಂಪಿಯನ್‌ಷಿಪ್‌ನ ಪಂದ್ಯದಲ್ಲಿ ಎರಡೆರಡು ಪ್ರಾಣಿಗಳು ಎದುರುಬದುರು ನಿಲ್ಲುತ್ತವೆ. ಪ್ಯಾಚಿರಿಸುವಿನ ‘ಫಾಲೋ ಮೀ’ ಎಂಬ ಪಟ್ಟು ಪಕ್ಕದ ಜೊತೆಗಾರನತ್ತ ಬರುವ ಏಟನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಇದೇ ಕೆಲಸಕ್ಕೆ ಹಲವರು ನೆಚ್ಚಿಕೊಂಡಿದ್ದ ಅಮೂಂಗಸ್ ಎಂಬ ಅಣಬೆಯ ‘ರೇಜ್ ಪೌಡರ್’, ‘ಟೈಪು’ ಎಂದು ಕರೆಯುವ ಬಗೆಗಳಲ್ಲಿ ಹುಲ್ಲಿಗೆ ಸೇರಿದ ಎದುರಾಳಿಗಳ ಮುಂದೆ ನಡೆಯುವುದಿಲ್ಲ. ಫಾಲೋ ಮೀಗೆ ಆ ತೊಡಕಿಲ್ಲ. ಪಾರ್ಕ್ ತಂಡದ ದೊಡ್ಡ ಅಸ್ತ್ರ ಗ್ಯಾರಡೋಸ್. ನೀರು ಮತ್ತು ಹಾರಾಟ ಎರಡೂ ಟೈಪು ಸೇರಿದ ಈ ಸರ್ಪಕ್ಕೆ ವಿದ್ಯುತ್ತಿನ ಏಟು ನಾಲ್ಕು ಪಟ್ಟು ತಗಲುತ್ತದೆ. ಪ್ಯಾಚಿರಿಸುವಿನ ‘ವೋಲ್ಟ್ ಅಬ್ಸಾರ್ಬ್’ ಗುಣಕ್ಕೆ ವಿದ್ಯುತ್ತೆಂದರೆ ಊಟ: ಸಿಡಿಲು ಬಡಿದರೆ ಜೀವಬಲದ ಕಾಲು ಭಾಗ ಮರಳಿ ಬರುತ್ತದೆ. ಅದರ ಜೊತೆಗೆ ತಗುಲಿದ ಎದುರಾಳಿಗೆ ತಪ್ಪದೆ ಲಕ್ವ ಹೊಡೆಸುವ ‘ನಝಲ್’, ಎಂಥ ದೈತ್ಯನಿದ್ದರೂ ಉಳಿದ ಜೀವಬಲವನ್ನು ಅರ್ಧಕ್ಕಿಳಿಸುವ ‘ಸೂಪರ್ ಫ್ಯಾಂಗ್’. ಸ್ವಂತ ದಾಳಿಯ ಬಲ ಎಷ್ಟಿದೆ ಎಂದು ಕೇಳುವ ಅಗತ್ಯವೇ ಇಲ್ಲದ ಪಟ್ಟು ಅದು. 45ರ ದಾಳಿ ಅಂಕ ಇಟ್ಟುಕೊಂಡವನಿಗೆ ಬೇಕಾದದ್ದೂ ಅಂಥದೇ.

ಈ ಆಟದ ಬುಡ ಇರುವುದು 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್‌ಗಾಗಿ ಬಿಡುಗಡೆಯಾದ ‘ರೆಡ್’ ಮತ್ತು ‘ಗ್ರೀನ್’ ಆವೃತ್ತಿಗಳಲ್ಲಿ. ಬಾಲ್ಯದಲ್ಲಿ ಹುಳು ಹಿಡಿದು ಕೂಡಿಹಾಕುತ್ತಿದ್ದ ಸತೋಷಿ ತಾಜಿರಿ ಕಟ್ಟಿದ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿದ ಆ ಆಟದಲ್ಲಿ 151 ಪ್ರಾಣಿಗಳು, 15 ಟೈಪುಗಳು ಇದ್ದವು. ನೀರು ಬೆಂಕಿಯನ್ನು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಸೋಲಿಸುವ ತ್ರಿಕೋನ ಯಾವ ಮಗುವಿಗೂ ಅರ್ಥವಾಗುವಂಥದು. ಆದರೆ ಒಟ್ಟು ತಕ್ಕಡಿ ಸಮವಾಗಿರಲಿಲ್ಲ. ಸೈಕಿಕ್ ಟೈಪನ್ನು ಹಣಿಯಬೇಕಿದ್ದ ಭೂತ ಟೈಪಿನ ಏಟು ಅದಕ್ಕೆ ತಾಕುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಆಗಿದ್ದ ಭೂತಗಳೆಲ್ಲ ಅರ್ಧ ವಿಷ ಟೈಪಿನವು, ವಿಷಕ್ಕೆ ಸೈಕಿಕ್ ಶತ್ರು. ಅಲಕಝಾಮ್‌ನಂಥವು ಮೆರೆದದ್ದು ಹೀಗೆ. 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಆವೃತ್ತಿಗಳು ಕತ್ತಲೆ ಹಾಗೂ ಉಕ್ಕು ಟೈಪುಗಳನ್ನು ತಂದು ಈ ಮೆರೆದಾಟಕ್ಕೆ ಮೂಗುದಾರ ಹಾಕಿದವು. 2013ರಲ್ಲಿ ಫೇರಿ ಟೈಪು ಬಂದದ್ದು ಡ್ರ್ಯಾಗನ್‌ಗಳ ಸೊಕ್ಕು ಮುರಿಯಲು. ಈಗ ಟೈಪುಗಳು 18.

ಟೈಪು ಹೊರಗಿನ ಚರ್ಮವಾದರೆ ಒಳಗಿರುವುದು ಅಂಕಿಗಳು: ಜೀವಬಲ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ. ಇವು ಹುಟ್ಟಿನಿಂದ ಬಂದ ಜಾತಿಗುಣ. ಇದರ ಮೇಲೆ ಪ್ರತಿ ಗುಣಕ್ಕೂ 0ರಿಂದ 31ರವರೆಗಿನ ‘ಐವಿ’ ಎಂಬ ಜನ್ಮಾಂಕ. ತಾಲೀಮಿನಿಂದ ಗಳಿಸುವ ‘ಇವಿ’ ಎಂಬ ಅಂಕಗಳು, ಒಟ್ಟು 510, ಒಂದೇ ಗುಣಕ್ಕೆ ಗರಿಷ್ಠ 252. ಮತ್ತೆ 25 ಬಗೆಯ ಸ್ವಭಾವಗಳು, ಅವುಗಳಲ್ಲಿ ಹೆಚ್ಚಿನವು ಒಂದು ಗುಣವನ್ನು ಶೇ 10ರಷ್ಟು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ. ಎಲ್ಲ ಗುಣಕ್ಕೂ ಹಂಚಿದರೆ ಯಾವುದಕ್ಕೂ ಸಾಲದು. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಜಗ್ಗಾಟ ನಡೆಯುವುದು ವೇಗದ ಸುತ್ತ. ಗಾರ್ಚಾಂಪ್‌ನ ಮೂಲ ವೇಗ 102, ಚಾರಿಝಾರ್ಡ್‌ನದು 100. ಅಧಿಕೃತ ಪಂದ್ಯಗಳ 50ನೇ ಮಟ್ಟದಲ್ಲಿ ಎರಡಕ್ಕೂ ಗರಿಷ್ಠ ತಾಲೀಮು ಕೊಟ್ಟು, ಸ್ವಭಾವವನ್ನು ತಟಸ್ಥವಾಗಿಟ್ಟರೆ ಮೊದಲಿನದಕ್ಕೆ 154, ಎರಡನೆಯದಕ್ಕೆ 152. ಎರಡೇ ಅಂಕದ ಅಂತರ; ಆದರೆ ಯಾರು ಮೊದಲು ಹೊಡೆಯುತ್ತಾರೆ ಎಂಬುದು ಪ್ರತಿ ಸರದಿಯಲ್ಲೂ ಅದರ ಮೇಲೇ ನಿಲ್ಲುತ್ತದೆ. ಹಾಗಾಗಿ ಎದುರಾಳಿ ವೇಗಕ್ಕೆ ಎಷ್ಟು ಸುರಿದಿರಬಹುದೆಂದು ಊಹಿಸಿ, ಅದಕ್ಕಿಂತ ಒಂದೇ ಅಂಕ ಮೇಲಿಟ್ಟು, ಉಳಿದದ್ದನ್ನು ರಕ್ಷಣೆಗೆ ಕೊಡುವುದು ಪಳಗಿದವರ ರೂಢಿ. ಎದುರಾಳಿಗೂ ಇದು ಗೊತ್ತಿರುತ್ತದೆ. ಅವನು ಎರಡು ಅಂಕ ಮೇಲಿಡುತ್ತಾನೆ.

ಜೋಡಿ ಕೂಡಿಸುವುದು ತಂಡ ರಚನೆಯ ಜೀವಾಳ. ಹೀಟ್ರನ್ ಮತ್ತು ಲಾಟಿಯಾಸ್ ಜೋಡಿಯನ್ನು ನೋಡಿದರೆ ಇದು ತಿಳಿಯಾಗುತ್ತದೆ. ಬೆಂಕಿ-ಉಕ್ಕಿನ ಹೀಟ್ರನ್‌ಗೆ ನೆಲದ ಏಟು ನಾಲ್ಕು ಪಟ್ಟು. ನೀರು, ಕುಸ್ತಿ ಎರಡೆರಡು ಪಟ್ಟು. ಡ್ರ್ಯಾಗನ್-ಸೈಕಿಕ್ ಆದ ಲಾಟಿಯಾಸ್ ಗಾಳಿಯಲ್ಲಿ ತೇಲುವುದರಿಂದ ನೆಲದ ಏಟು ಅದಕ್ಕೆ ಮುಟ್ಟುವುದೇ ಇಲ್ಲ. ನೀರು, ಕುಸ್ತಿ ಅರ್ಧ ಮಾತ್ರ ತಾಕುತ್ತವೆ. ಇತ್ತ ಲಾಟಿಯಾಸ್‌ಗೆ ಭಯ ಹುಟ್ಟಿಸುವ ಹಿಮ, ಹುಳು, ಡ್ರ್ಯಾಗನ್, ಫೇರಿ ಏಟುಗಳನ್ನು ಹೀಟ್ರನ್ ಸಲೀಸಾಗಿ ನುಂಗಿಕೊಳ್ಳುತ್ತದೆ. ಒಂದಕ್ಕೆ ಅಪಾಯ ಬಂದಾಗ ಇನ್ನೊಂದನ್ನು ಒಳಕ್ಕೆ ಕರೆದರಾಯಿತು. ಇಂಥದೇ ಹಳೆಯ ಜೋಡಿ ಸ್ಕಾರ್ಮರಿ-ಬ್ಲಿಸ್ಸಿ: ಉಕ್ಕಿನ ಹಕ್ಕಿ ಮೈಮೇಲೆ ಬೀಳುವ ಏಟು ತಡೆಯುತ್ತದೆ, ಜೀವಬಲ 255 ಇದ್ದರೂ ರಕ್ಷಣೆ ಬರೀ 10 ಇರುವ ಗುಂಡು ಬ್ಲಿಸ್ಸಿ ದೂರದಿಂದ ಬರುವ ಬೆಂಕಿ, ಸಿಡಿಲು, ಅಲೆಗಳನ್ನು ಕುಡಿದುಬಿಡುತ್ತದೆ. ಈ ಗೋಡೆಯೆದುರು ಗಂಟೆಗಟ್ಟಲೆ ಕೂತು ಕೈಸೋತವರು ಬಹಳ.

ಒಬ್ಬೊಬ್ಬರಾಗಿ ಕಾದುವ ‘ಸಿಂಗಲ್ಸ್’ ಆಟಕ್ಕೆ ನಿಯಮ ಬರೆದುಕೊಂಡವರು ಆಟಗಾರರೇ. 2004ರಲ್ಲಿ ಹುಟ್ಟಿದ ಸ್ಮೋಗನ್ ಎಂಬ ಬಳಗ ಪ್ರಾಣಿಗಳನ್ನು ಬಳಕೆಯ ಆಧಾರದ ಮೇಲೆ ಮೆಟ್ಟಿಲುಗಳಲ್ಲಿ ಕೂರಿಸುತ್ತದೆ. ಮೇಲಿನ ಮೆಟ್ಟಿಲಿಗೆ ಬರಲು ಒಂದು ಪ್ರಾಣಿ ಶೇ 4.52ರಷ್ಟು ತಂಡಗಳಲ್ಲಿ ಕಾಣಿಸಬೇಕು. ವಿಚಿತ್ರವಾಗಿ ಕಾಣುವ ಈ ಸಂಖ್ಯೆಗೆ ಅರ್ಥವಿದೆ: 15 ಪಂದ್ಯ ಆಡಿದವನಿಗೆ ಆ ಪ್ರಾಣಿ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸರಿಯಾಗಿ ಅರ್ಧ. ಸಿಂಗಲ್ಸ್ ತಂಡ ಕಟ್ಟುವವರು ಮರೆಯಬಾರದ ಪಟ್ಟು 2006ರ ‘ಡೈಮಂಡ್’ ಮತ್ತು ‘ಪರ್ಲ್’ ಆವೃತ್ತಿಗಳಲ್ಲಿ ಬಂದ ‘ಸ್ಟೆಲ್ತ್ ರಾಕ್’. ಎದುರಾಳಿಯ ಅಂಗಳದಲ್ಲಿ ಚೂಪುಗಲ್ಲು ತೂಗಿಬಿಟ್ಟರೆ, ಒಳಗೆ ಕಾಲಿಟ್ಟ ಪ್ರತಿಯೊಂದಕ್ಕೂ ಗಾಯ. ಸಾಮಾನ್ಯಕ್ಕೆ ಜೀವಬಲದ ಶೇ 12.5, ಬೆಂಕಿ-ಹಾರಾಟದ ಚಾರಿಝಾರ್ಡ್‌ಗೆ ನೇರವಾಗಿ ಶೇ 50. ಟಿವಿಯಲ್ಲಿ ಮೆರೆದ ಆ ಬೆಂಕಿಹಲ್ಲಿ ಇಲ್ಲಿ ಹೊಸ್ತಿಲು ದಾಟುವಷ್ಟರಲ್ಲೇ ಅರೆಜೀವ. ಕಲ್ಲು ತುಳಿದರೂ ನೋಯದ ಬೂಟು ಬರಲು 2019ರವರೆಗೆ ಕಾಯಬೇಕಾಯಿತು.

ಅಧಿಕೃತ ಚಾಂಪಿಯನ್‌ಷಿಪ್‌ನ ಹಾದಿಯೇ ಬೇರೆ. ‘ವಿಜಿಸಿ’ ಎಂದು ಕರೆಯುವ ಅಲ್ಲಿ ಆರನ್ನು ತೋರಿಸಿ ನಾಲ್ಕನ್ನು ಮಾತ್ರ ಕಣಕ್ಕಿಳಿಸಬೇಕು. ಮೊದಲಿಗೆ ಯಾವೆರಡು, ಬೆನ್ನಿಗೆ ಯಾವೆರಡು ಎಂಬ ಆಯ್ಕೆಯೊಂದರಲ್ಲೇ 90 ದಾರಿಗಳಿವೆ. ಒಂದೇ ವಸ್ತುವನ್ನು ಇಬ್ಬರಿಗೆ ಕೊಡುವಂತಿಲ್ಲ. ‘ಅರ್ಥ್‌ಕ್ವೇಕ್’ ಹೊಡೆದರೆ ಪಕ್ಕದ ಜೊತೆಗಾರನೂ ನಡುಗುತ್ತಾನೆ, ಆದ್ದರಿಂದ ಗಾರ್ಚಾಂಪ್ ಪಕ್ಕಕ್ಕೆ ಹಾರುವ ಪ್ರಾಣಿ ಇದ್ದರೆ ಕ್ಷೇಮ. ಬಲವಿಲ್ಲದೆಯೂ ಜೊತೆಗಾರಿಕೆಯಿಂದ ಗೆಲ್ಲುವವರು ಹೆಚ್ಚು ಕಾಣುವುದು ಇಲ್ಲೇ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆದ್ದ ಅಮೆರಿಕದ ವುಲ್ಫ್ ಗ್ಲಿಕ್ ಕಯೋಗರ್, ರೇಕ್ವಾಜಾ ಎಂಬ ಎರಡು ಮಹಾದೈತ್ಯರ ಜೊತೆ ರೈಚುವನ್ನೂ ಸೇರಿಸಿಕೊಂಡಿದ್ದರು. ವಿದ್ಯುತ್ ಏಟುಗಳನ್ನು ತನ್ನತ್ತ ಸೆಳೆಯುವ ಅದರ ‘ಲೈಟ್ನಿಂಗ್ ರಾಡ್’ ಕಯೋಗರ್‌ಗೆ ಕೊಡೆ ಹಿಡಿಯುತ್ತಿತ್ತು. ಎರಡೇ ವರ್ಷದ ಅಂತರದಲ್ಲಿ ಸಮುದ್ರದ ದೈತ್ಯನನ್ನು ಕಾಯಲು ಮತ್ತೊಂದು ದಂಶಕ.

ಸುಮ್ಮನೆ ಹೊಡೆದಾಡುವ ಬದಲು ಕಣದ ನಿಯಮವನ್ನೇ ತಿರುಗಿಸುವ ತಂಡಗಳಿವೆ. ಮಳೆ ತಂಡದಲ್ಲಿ ಪೆಲಿಪ್ಪರ್ ಎಂಬ ಹಕ್ಕಿ ಬಂದೊಡನೆ ಮಳೆ. ನೀರಿನ ಏಟು ಒಂದೂವರೆ ಪಟ್ಟು, ಬೆಂಕಿ ಅರ್ಧ, ‘ಸ್ವಿಫ್ಟ್ ಸ್ವಿಮ್’ ಗುಣದ ಮೀನುಗಳ ವೇಗ ಇಮ್ಮಡಿ. ಐದನೇ ತಲೆಮಾರಿನ ಆಟದಲ್ಲಿ ಪೊಲಿಟೋಡ್ ಎಂಬ ಕಪ್ಪೆ ಇದೇ ಮಳೆಯನ್ನು ಎಷ್ಟು ಸುರಿಸಿತೆಂದರೆ, ಮಳೆ ತರುವ ಗುಣವೂ ಸ್ವಿಫ್ಟ್ ಸ್ವಿಮ್ ಗುಣವೂ ಒಂದೇ ತಂಡದಲ್ಲಿರುವುದನ್ನು ಸ್ಮೋಗನ್ ನಿಷೇಧಿಸಬೇಕಾಯಿತು.

ಇನ್ನೂ ತಮಾಷೆಯದು ‘ಟ್ರಿಕ್ ರೂಮ್’: ಐದು ಸರದಿಗಳ ಮಟ್ಟಿಗೆ ನಿಧಾನಿಯೇ ಮೊದಲಿಗ. ಹಾಕಿದ ಸರದಿಯೂ ಲೆಕ್ಕಕ್ಕೆ ಸೇರುವುದರಿಂದ ಕೈಗೆ ಸಿಗುವುದು ನಾಲ್ಕೇ. ಅಷ್ಟರಲ್ಲಿ ಮೂಲ ವೇಗ 20ರ ಟೋರ್ಕೋಲ್ ಆಮೆ ಬಿಸಿಲು ಬರಿಸಿ, ಮೈತುಂಬ ಜೀವವಿದ್ದಾಗ 150ರ ಬಲವಿರುವ ‘ಇರಪ್ಷನ್’ ಉಗುಳಿ ಎದುರಿನ ಇಬ್ಬರನ್ನೂ ಸುಡುತ್ತದೆ. ಈ ಆಮೆಯ ವೇಗದ ಜನ್ಮಾಂಕ 31 ಇದ್ದರೆ ಆಟಗಾರ ಬೇಸರಪಟ್ಟುಕೊಳ್ಳುತ್ತಾನೆ. ಅವನಿಗೆ ಬೇಕಿರುವುದು ಸೊನ್ನೆ.

ಇಷ್ಟೆಲ್ಲ ಅಳೆದು ಸುರಿದರೂ ಅದೃಷ್ಟಕ್ಕೆ ಒಂದು ಮಣೆ ಹಾಕಿಯೇ ಇಡಬೇಕು. ಪ್ರತಿ ಏಟೂ ಲೆಕ್ಕದ ಶೇ 85ರಿಂದ 100ರ ನಡುವೆ ಎಲ್ಲೋ ಬೀಳುತ್ತದೆ. ‘ಸ್ಟೋನ್ ಎಡ್ಜ್’ ಪಟ್ಟಿನ ಗುರಿ ಶೇ 80 ಎಂದರೆ ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಸತತ ಎರಡು ಸಲ ತಗಲುವ ಸಾಧ್ಯತೆ ಶೇ 64ಕ್ಕೆ ಇಳಿಯುತ್ತದೆ. ಬಲ ಕಡಿಮೆಯಾದರೂ ಗುರಿ ತಪ್ಪದ ಪಟ್ಟನ್ನು ಅನುಭವಿಗಳು ಆರಿಸುವುದು ಇದೇ ಕಾರಣಕ್ಕೆ. 2010ರಿಂದ 2012ರವರೆಗೆ ಸತತ ಮೂರು ಸಲ ವಿಶ್ವ ಕಿರೀಟ ತೊಟ್ಟ ರೇ ರಿಜೊ ಅವರ ಸಾಧನೆಯನ್ನು ಬರೀ ಅದೃಷ್ಟದ ಖಾತೆಗೆ ಬರೆಯಲಂತೂ ಆಗದು.

2022ರ ನವೆಂಬರ್ 18ರಂದು ಬಂದ ‘ಸ್ಕಾರ್ಲೆಟ್’ ಮತ್ತು ‘ವಯಲೆಟ್’ ಆವೃತ್ತಿಗಳು ಹಳೆಯ ಲೆಕ್ಕವನ್ನೆಲ್ಲ ಕದಡಿದವು. ‘ಟೆರಾಸ್ಟಲ್’ ಎಂಬ ಹೊಸ ವಿದ್ಯೆಯಿಂದ ಪಂದ್ಯಕ್ಕೊಮ್ಮೆ ಒಂದು ಪ್ರಾಣಿ ತನ್ನ ಟೈಪನ್ನೇ ಬದಲಿಸಬಹುದು. ಡ್ರ್ಯಾಗನೈಟ್‌ಗೆ ಹಿಮದ ಏಟು ನಾಲ್ಕು ಪಟ್ಟು. ಅದು ನಾರ್ಮಲ್ ಟೈಪಿಗೆ ತಿರುಗಿದ ಕ್ಷಣ ಹಿಮ ಸಾಮಾನ್ಯ ಏಟಾಗುತ್ತದೆ, ಭೂತದ ಏಟು ತಾಕುವುದೇ ಇಲ್ಲ, ಅದರದೇ ‘ಎಕ್ಸ್‌ಟ್ರೀಮ್ ಸ್ಪೀಡ್’ ಒಂದೂವರೆ ಪಟ್ಟು ಹರಿತವಾಗುತ್ತದೆ. ತಂಡ ಕಟ್ಟುವವರು ಈಗ ಪ್ರತಿ ಎದುರಾಳಿಗೂ ಎರಡು ಮುಖ ಎಂದೇ ಎಣಿಸಬೇಕು.

ಕಾಗದದ ಮೇಲಿನ ತಂಡವನ್ನು ಆಟದೊಳಗೆ ಸಾಕಿ ಬೆಳೆಸುವುದು ಹಿಂದೆ ಬೇಸಾಯದಷ್ಟೇ ದೀರ್ಘ ಕೆಲಸವಾಗಿತ್ತು: ಮೊಟ್ಟೆ ಇಡಿಸಿ, ಮರಿ ಮಾಡಿಸಿ, ಒಳ್ಳೆಯ ಜನ್ಮಾಂಕ ಸಿಗುವವರೆಗೆ ನೂರಾರು ಮೊಟ್ಟೆ ಒಡೆಸಬೇಕಿತ್ತು. 2016ರಿಂದ ಜನ್ಮಾಂಕ ಏರಿಸುವ ‘ಬಾಟಲ್ ಕ್ಯಾಪ್’, 2019ರಿಂದ ಸ್ವಭಾವ ಬದಲಿಸುವ ‘ಮಿಂಟ್’ ಬಂದು ಶ್ರಮ ಇಳಿದಿದೆ. ಆದರೂ ಅಡ್ಡದಾರಿ ಹಿಡಿದು ಕಂಪ್ಯೂಟರಿನಲ್ಲೇ ಪ್ರಾಣಿ ತಯಾರಿಸಿಕೊಳ್ಳುವವರು ಇದ್ದಾರೆ. 2023ರ ಯೊಕೊಹಾಮ ವಿಶ್ವಕೂಟದಲ್ಲಿ ಅಂಥ ಪ್ರಾಣಿಗಳು ಪತ್ತೆಯಾಗಿ ಹಲವು ಆಟಗಾರರು ಅನರ್ಹರಾದರು. ಬ್ರೌಸರಿನಲ್ಲೇ ಉಚಿತವಾಗಿ ಆಡಬಹುದಾದ ‘ಪೋಕೆಮಾನ್ ಶೋಡೌನ್’ ಇರುವುದರಿಂದ ತಂಡವನ್ನು ಸಾಕುವ ಮುನ್ನವೇ ಪರೀಕ್ಷಿಸಿ ನೋಡಬಹುದು. ಆರನೆಯ ಜಾಗಕ್ಕೆ ಯಾರು ಎಂಬ ಪ್ರಶ್ನೆ ಹೆಚ್ಚಾಗಿ ಅಲ್ಲೇ, ಹತ್ತಾರು ಸೋಲುಗಳ ನಡುವೆ ಬಗೆಹರಿಯುತ್ತದೆ.

ಭಾರತದಲ್ಲಿ ದೊಡ್ಡ ಸಂಖ್ಯೆಯ ಜನರ ಕೈಗೆ ಸಿಕ್ಕ ಪೋಕೆಮಾನ್ ಆಟವೆಂದರೆ ರಿಲಯನ್ಸ್ ಜಿಯೊ ಜೊತೆಗೂಡಿ 2016ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದ ಮೊಬೈಲಿನ ‘ಪೋಕೆಮಾನ್ ಗೋ’. ಅದರ ಕಾಳಗದಲ್ಲಿ ತಂಡಕ್ಕೆ ಮೂರೇ ಪ್ರಾಣಿಗಳು, ‘ಗ್ರೇಟ್ ಲೀಗ್’ನಲ್ಲಿ ಒಂದೊಂದರ ಬಲ 1500 ದಾಟುವಂತಿಲ್ಲ. ಆ ಬಲವನ್ನು ಎಣಿಸುವ ಸೂತ್ರ ದಾಳಿಗೆ ಹೆಚ್ಚು ತೂಕ ಕೊಡುವುದರಿಂದ, ಮಿತಿಯೊಳಗೆ ಹೆಚ್ಚು ಹೊತ್ತು ತಡೆದು ನಿಲ್ಲುವುದು ಸಾಮಾನ್ಯವಾಗಿ ದಾಳಿಯ ಜನ್ಮಾಂಕ ಸೊನ್ನೆ ಇದ್ದು ರಕ್ಷಣೆ, ಜೀವಬಲಗಳಲ್ಲಿ ಇಲ್ಲಿನ ಗರಿಷ್ಠವಾದ 15 ಪಡೆದ ಪ್ರಾಣಿ. ಮೂರರಲ್ಲೂ 15 ಇರುವ ‘ಪರ್ಫೆಕ್ಟ್’ ಪ್ರಾಣಿಯನ್ನು ಹಿಡಿದವರು ಅದನ್ನು ಸ್ನೇಹಿತರಿಗೆ ತೋರಿಸಿ, ಗ್ರೇಟ್ ಲೀಗ್‌ಗೆ ಬೇರೆಯದನ್ನು ಕರೆದೊಯ್ಯುತ್ತಾರೆ.