ಸಾಂತಾಕ್ರೂಜ್ 944, ಕೊಲಾಬಾ 74

ಹೋದ ತಿಂಗಳು ನಾನೂ ನನ್ನ ಹೆಂಡತಿಯೂ ವಿಲೆ ಪಾರ್ಲೆ ಪೂರ್ವದಲ್ಲಿ ಒಂದು ನೆಲಮಹಡಿ ಫ್ಲ್ಯಾಟ್ ನೋಡೋಕೆ ಹೋಗಿದ್ವಿ. ರೇಟು ನಮ್ಮ ಕೈಗೆಟುಕುವ ಹಾಗಿತ್ತು. ಜೊತೆಗೆ ಬಂದಿದ್ದ ನಮ್ಮ ಕಾಕಾ ಗೋಡೆ ಮೇಲೆ ಎದೆಮಟ್ಟಕ್ಕೆ ಕೈ ಇಟ್ಟು, "ಇಲ್ಲೀ ಮಟಾ ಬಂದಿತ್ತು ನೋಡಪಾ ನೀರು" ಅಂದರು. ಬ್ರೋಕರ್ ನಕ್ಕು, "ಅದು ಒಂದೇ ಸಲ, ಮತ್ತೆ ಬರಲ್ಲ" ಅಂದ. ಇವತ್ತಿನ ಮಾತು ಆ "ಮತ್ತೆ ಬರಲ್ಲ" ಬಗ್ಗೆ.

ಕಾಕಾ ಹೇಳಿದ್ದು 2005ರ ಜುಲೈ 26ರ ಕಥೆ. ಅವತ್ತು ಅವರು ಆಫೀಸಿನಿಂದ ಮನೆ ಸೇರಿದ್ದು ಮಾರನೇ ದಿನ, ಅದೂ ನಡೆದುಕೊಂಡು. ನಮ್ಮ ಪಕ್ಕದ ಸಾಂತಾಕ್ರೂಜ್ ಹವಾಮಾನ ಕೇಂದ್ರ 24 ಗಂಟೆಯಲ್ಲಿ ದಾಖಲಿಸಿದ್ದು 944 ಮಿ.ಮೀ. ಮಳೆ. ನಮ್ಮೂರು ವಿಜಯಪುರಕ್ಕೆ ಇಡೀ ವರ್ಷ ಬೀಳೋದೇ ಸುಮಾರು 600. ಆದರೆ ಅದೇ ದಿನ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಬರೀ 74. ಮುಂಬೈಯಲ್ಲಿ 400ಕ್ಕೂ ಹೆಚ್ಚು ಜನ ಸತ್ತರು.

ಇದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣವಾ? ಇತಿಹಾಸದಿಂದ ಶುರು ಮಾಡೋಣ.

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದದ್ದು ಹೆಚ್ಚು ಬಿಸಿಯಾಯಿತು, ತಣ್ಣಗಾಗೋಕೂ ಹೆಚ್ಚು ಹೊತ್ತು ಹಿಡಿಯಿತು. ಅದೇ ವರ್ಷ ಮುಂಬೈಯ ಮೊದಲ ಹತ್ತಿ ಗಿರಣಿ, ಕಾವಸ್‌ಜಿ ದಾವರ್ ಅವರದ್ದು, ಉಗಿಯಂತ್ರದ ಬಲದಲ್ಲಿ ಕೆಲಸ ಶುರು ಮಾಡಿತು. ಎರಡೂ ಸುದ್ದಿಗೆ ಸಂಬಂಧ ಇದೆ ಅಂತ ಆಗ ಯಾರಿಗೆ ಹೊಳೆಯಬೇಕು? 1859ರಲ್ಲಿ ಜಾನ್ ಟಿಂಡಲ್ ಕಾರಣ ತೋರಿಸಿದರು: ಬಿಸಿಲು ಒಳಗೆ ಬರುತ್ತೆ, ಆದರೆ ನೆಲ ವಾಪಸ್ ಬಿಡುವ ಶಾಖವನ್ನು ಈ ಅನಿಲಗಳು ಹಿಡಿದಿಡುತ್ತವೆ. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್, ಈ ಅನಿಲ ದುಪ್ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗಬಹುದು ಅಂತ ಕೈಯಲ್ಲೇ ಲೆಕ್ಕ ಹಾಕಿದರು.

ಗಿರಣಿ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದ್ದು ಸುಮಾರು 280 ಇತ್ತು. 1958ರಲ್ಲಿ ಕೀಲಿಂಗ್ ಹವಾಯಿಯಲ್ಲಿ ಅಳೆಯೋಕೆ ಶುರು ಮಾಡಿದಾಗ 315. ಈಗ 420 ದಾಟಿದೆ. ಇದರಲ್ಲಿ ಹೆಚ್ಚಿನ ಪಾಲು ಯುರೋಪ್, ಅಮೆರಿಕ ಸುಟ್ಟ ಕಲ್ಲಿದ್ದಲು, ಎಣ್ಣೆಯದ್ದು. ಈಚೆಗೆ ಚೀನಾ, ನಾವೂ ಸೇರಿದ್ದೇವೆ.

ಮಳೆಗೂ ಇದಕ್ಕೂ ಏನು ನಂಟು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತೆ. ಒರಟಾಗಿ ಲೆಕ್ಕ ಹಾಕಿ: ಒಂದು ಡಿಗ್ರಿ ಏರದೇ ಇದ್ದಿದ್ದರೆ ಆ 944ರ ಬದಲು 880ರ ಹತ್ತಿರ ಬೀಳ್ತಿತ್ತು. ಆಗಲೂ ಪಾರ್ಲೆ ಮುಳುಗ್ತಾನೇ ಇತ್ತು! ಯಾಕಂದ್ರೆ ನಗರದ ಚರಂಡಿಗಳು ಕಟ್ಟಿದ್ದೇ ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿದ್ದಾಗ. 944ನ್ನು 24 ಗಂಟೆಗೆ ಸಮನಾಗಿ ಹಂಚಿದರೂ ಗಂಟೆಗೆ 39. ಅವತ್ತು ಸಮುದ್ರದಲ್ಲಿ ಉಬ್ಬರ ಬೇರೆ. ಚರಂಡಿ ಸಾಮರ್ಥ್ಯ 50ಕ್ಕೆ ಏರಿಸಿ ಅಂತ ಬ್ರಿಮ್‌ಸ್ಟೋವಾಡ್ ವರದಿ 1993ರಲ್ಲೇ ಹೇಳಿತ್ತು. ಹನ್ನೆರಡು ವರ್ಷ ಆದರೂ ಬಹುಪಾಲು ಕಾಗದದಲ್ಲೇ ಇತ್ತು. ಮೀಠಿ ನದಿಯನ್ನಂತೂ ವಿಮಾನ ನಿಲ್ದಾಣ, ಬಾಂದ್ರಾ-ಕುರ್ಲಾದ ಕಟ್ಟಡಗಳು, ಗುಡಿಸಲು, ಕಸ ಎಲ್ಲ ಸೇರಿ ಇಕ್ಕಟ್ಟು ಮಾಡಿದ್ದವು.

ಹಾಗಾದರೆ ಹವಾಮಾನದ ಪಾಲು ಸಣ್ಣದಾ? ಒಂದು ದಿನಕ್ಕೆ ನೋಡಿದರೆ ಹಾಗೆ ಅನಿಸುತ್ತೆ. ಎಷ್ಟು ಸಲ ಅಂತ ನೋಡಿದರೆ ಚಿತ್ರ ಬೇರೆ. ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ ಪ್ರಕಾರ, 1950ರಿಂದ 2015ರೊಳಗೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಒಮ್ಮೆಲೇ ಬೀಳುವ ಅತಿಮಳೆ ಮೂರು ಪಟ್ಟಾಗಿದೆ. ಅದಕ್ಕೆ ತೇವ ಕೊಡ್ತಿರೋದು ನಮ್ಮ ಅರಬ್ಬೀ ಸಮುದ್ರ. ಅಂದ್ರೆ ಬ್ರೋಕರ್ ನಂಬಿರೋ ಹಳೇ ಸರಾಸರಿ ಈಗ ಕೆಲಸಕ್ಕೆ ಬರಲ್ಲ. ಹಳೇ ಟ್ರಾಫಿಕ್ ನೋಡಿ ಸರ್ವರ್ ಸೈಜ್ ಮಾಡಿದರೆ ಏನಾಗುತ್ತೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾ?

ಆ ಫ್ಲ್ಯಾಟ್ ಬಿಟ್ವಿ. ಸಾಲ ಜಾಸ್ತಿ ಮಾಡಿ ಅದೇ ಕಟ್ಟಡದ ಮೂರನೇ ಮಹಡಿ ತಗೊಳ್ತಿದ್ದೀವಿ. ಕೆಳಗೆ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ವಾಚ್‌ಮನ್, ಅವರ ಹೆಂಡತಿ, ಎರಡು ಮಕ್ಕಳು ಇದ್ದಾರೆ. ಮಳೆಗಾಲದ ರಾತ್ರಿ ಅವರು ಎಲ್ಲಿಗೆ ಹೋಗಬೇಕು ಅಂತ ಸೊಸೈಟಿ ಮೀಟಿಂಗ್‌ನಲ್ಲಿ ಕೇಳೋದು ನನ್ನ ಮೊದಲ ಕೆಲಸ. ನಿಮ್ಮ ಕಟ್ಟಡದಲ್ಲೂ ಕೇಳಿ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.